ಎಚ್ ಅಂದರೆ ಹೆಚ್ಚು

ಮರ ಕೊಯ್ಯುವ ಮಿಷನ್ ಕೆಟ್ಟಿದೆಯೆಂದು ನನ್ನ ಅಂಗಡಿಗೆ ಹೊತ್ತು ತರುವವರು ಹೊಸಿಲು ದಾಟುವ ಮೊದಲೇ ಒಂದು ಸುಳ್ಳು ಹೇಳುತ್ತಾರೆ.

“ನಾವೇನೂ ಮುಟ್ಟಿಲ್ಲ ಕಣಕ್ಕಾ. ನೆನ್ನೆ ಚೆನ್ನಾಗಿತ್ತು, ಇವತ್ತು ತಾನಾಗೇ ಹಿಂಗಾಗೈತೆ.”

ತಾನಾಗೇ ಆಗುವುದಕ್ಕೆ ಅದೇನು ನೆಗಡಿಯೇ? ಕಾರ್ಬೊರೇಟರಿನ ತಿರುಪುಗಳ ತಲೆ ನೋಡಿದರೆ ಸಾಕು, ಸ್ಕ್ರೂಡ್ರೈವರ್ ಜಾರಿದ ಹೊಸ ಗೀರು ಥಳಥಳ ಹೊಳೆಯುತ್ತಿರುತ್ತದೆ. ನಾನು ಬಾಯಿ ಜೋರಿನ ಹೆಂಗಸು. ತುರುವೇಕೆರೆ ರಸ್ತೆಯ ಈ ಪುಟ್ಟ ಅಂಗಡಿಯಲ್ಲಿ ನನ್ನಿಂದ ಬೈಸಿಕೊಳ್ಳದ ಗಿರಾಕಿಯೇ ಇಲ್ಲ. ಹಳೆಯ ಪೆಟ್ರೋಲು ಹಾಕಿದವರಿಗೆ ಬೈಯುತ್ತೇನೆ, ಮೊಂಡು ಚೈನಿನಲ್ಲಿ ಮರ ತಿಕ್ಕಿದವರಿಗೆ ಬೈಯುತ್ತೇನೆ, ಬೆಳಗ್ಗೆ ಕೊಟ್ಟು ಮಧ್ಯಾಹ್ನಕ್ಕೇ ಆಯ್ತಾ ಅಂತ ಕೇಳುವವರಿಗಂತೂ ಸರಿಯಾಗಿ ಬೈಯುತ್ತೇನೆ. ಆದರೆ ಈ ಒಂದು ಸುಳ್ಳಿಗೆ ಮಾತ್ರ ನನಗೆ ಬಾಯಿ ಬರುವುದಿಲ್ಲ. ಕೂರಿಸಿ, ಪಕ್ಕದ ಹೋಟೆಲಿನಿಂದ ಕಾಫಿ ತರಿಸಿ, ಮೆಲ್ಲಗೆ ಕೇಳುತ್ತೇನೆ: ನೀನು ಮುಟ್ಟಿದ್ದು ಯಾವುದು, ಮುಟ್ಟದೆ ಇದ್ದದ್ದು ಯಾವುದು, ಎರಡನ್ನೂ ಬೇರೆ ಬೇರೆಯಾಗಿ ಹೇಳಪ್ಪ. ಹೀಗೆ ಕೇಳುವುದನ್ನು ನಾನು ಯಾವ ಐಟಿಐಯಲ್ಲೂ ಕಲಿಯಲಿಲ್ಲ. ಕಲಿತದ್ದು ಒಂಬತ್ತನೇ ತರಗತಿಯ ಒಂದು ಚಳಿಗಾಲದಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ.

ನಮ್ಮ ಮನೆ ನೊಣವಿನಕೆರೆಯಿಂದ ಬಸ್ಸಿನಲ್ಲಿ ಎರಡು ಸ್ಟಾಪು ಆಚೆಯ ಹಳ್ಳಿಯಲ್ಲಿತ್ತು. ಸುತ್ತ ಕಣ್ಣು ಹಾಯುವಷ್ಟೂ ತೆಂಗಿನ ತೋಟ, ಆದರೆ ನಮ್ಮದು ಅಂತ ಇದ್ದದ್ದು ಹಿತ್ತಿಲಿನ ಹದಿನೈದು ಮರ. ಅಪ್ಪ ಮತ್ತು ಅವನ ತಮ್ಮ ಮಲ್ಲೇಶ ಚಿಕ್ಕಪ್ಪ ಇಬ್ಬರೂ ಬದುಕಿದ್ದು ಬೇರೆಯವರ ತೋಟದ ಸತ್ತ ಮರಗಳಿಂದ. ಸುಳಿ ಒಣಗಿದ, ಕಾಂಡದಿಂದ ರಸ ಸೋರಿ ಟೊಳ್ಳಾದ, ಸಿಡಿಲು ಬಡಿದ ಮರಗಳನ್ನು ಉರುಳಿಸಿ ತೊಲೆ, ತೀರು ಮಾಡಿಕೊಡುವುದು ಅವರ ಕಸುಬು. ನಾನು ಚಿಕ್ಕವಳಿದ್ದಾಗ ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಎಳೆಯುವ ಉದ್ದನೆಯ ಗರಗಸದಲ್ಲಿ ಕೊಯ್ಯುತ್ತಿದ್ದರು. ಮಿಷನ್ ಬಂದ ಮೇಲೆ ಆ ಗರಗಸ ಹಜಾರದ ಗೋಡೆ ಸೇರಿತು, ತೀರಿಹೋದ ತಾತನ ಫೋಟೋದ ಪಕ್ಕಕ್ಕೆ. ಇಬ್ಬರಿಗೂ ಹಬ್ಬಕ್ಕೊಮ್ಮೆ ಹೂವು. ಹಜಾರದ ಮೇಲೆ ಅಟ್ಟ. ಹಿತ್ತಿಲಿನ ಕಾಯಿಗಳು ಅಲ್ಲಿ ಸಿಪ್ಪೆ ಸಮೇತ ವರ್ಷವಿಡೀ ಮಲಗಿ ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತಿದ್ದವು. ಕಾಯಿ ಒಡೆಯದೆ ಒಳಗೇನಾಗಿದೆ ಅಂತ ಹೇಳುವುದು ಅಪ್ಪನ ತಾಯಿ, ನಮ್ಮಜ್ಜಿಯ ಕೆಲಸ. ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು.

“ಇದ್ರಲ್ಲಿ ಇನ್ನೂ ನೀರೈತೆ ಕಣೇ, ಮಲಗ್ಲಿ ಬುಡು. ಇದು ನೋಡು, ಒಳಗೆ ಗಡಗಡ ಅಂತೈತೆ. ಚಿಪ್ಪು ಬುಟ್ಟೈತೆ. ಕೇಳು, ಕೇಳು, ಕಣ್ಣು ಮುಚ್ಕೊಂಡು ಕೇಳು.”

ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ನನ್ನ ಕಿವಿಯನ್ನು ಗಿರಾಕಿಗಳು ಹೊಗಳುತ್ತಾರಲ್ಲ, ಆ ಕಿವಿ ತಯಾರಾದದ್ದು ಅಟ್ಟದ ಏಣಿಯ ಬುಡದಲ್ಲಿ.

ಅಜ್ಜಿಯ ಇನ್ನೊಂದು ಕೆಲಸ ಎಣ್ಣೆ ಹಾಕುವುದು. ಹಿತ್ತಿಲಿನ ಕೊಬ್ಬರಿಯಲ್ಲಿ ಒಂದು ಪಾಲನ್ನು ಗಾಣಕ್ಕೆ ಕಳಿಸಿ ತರಿಸಿದ ಎಣ್ಣೆ ಅವಳ ಗಾಜಿನ ಬಾಟಲಿಯಲ್ಲಿ ಸದಾ ಇರುತ್ತಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಬಾಗಿಲಿನ ಕೀಲು ಕಿರುಗುಟ್ಟಿದರೆ ಎಣ್ಣೆ, ಬಾವಿಯ ರಾಟೆಗೆ ಎಣ್ಣೆ, ಅಮ್ಮನ ಹೊಲಿಗೆ ಮಿಷನ್ನಿಗೆ, ಕುಡುಗೋಲಿಗೆ, ಪೆಟ್ಟಿಗೆಯ ಬೀಗಕ್ಕೆ, ಮಂಡಿನೋವಿಗೆ, ಹೊಟ್ಟೆನೋವಿಗೆ, ಎಲ್ಲಕ್ಕೂ ಅದೇ ಎಣ್ಣೆ. ಹಾಕಿದ ಮೇಲೆ ಆ ಜಾಗಕ್ಕೆ ಮೂರು ಬೆರಳಿನಲ್ಲಿ ವಿಭೂತಿ ಎಳೆಯುವಳು. ಆಮೇಲೆ ಅಂಗೈಯಲ್ಲಿ ಉಳಿದ ಜಿಡ್ಡನ್ನು ಸೀರೆಗೆ ಒರೆಸದೆ, ಪಕ್ಕದಲ್ಲಿ ಯಾರ ತಲೆ ಸಿಕ್ಕರೆ ಆ ತಲೆಗೆ ಸವರಿಬಿಡುವಳು. ಹೆಚ್ಚು ಸಿಗುತ್ತಿದ್ದದ್ದು ನನ್ನ ತಲೆ. ಶಾಲೆಯಲ್ಲಿ ನನ್ನನ್ನು ಹುಡುಗಿಯರು ಜಿಡ್ಡುಗಿರಿಜಾ ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೂ ಅಜ್ಜಿ ಎಣ್ಣೆ ಬಾಟಲಿ ಎತ್ತಿಕೊಂಡಳೆಂದರೆ ಹೋಗಿ ಪಕ್ಕದಲ್ಲೇ ಕೂರುತ್ತಿದ್ದೆ.

ಆ ವರ್ಷ ಅಜ್ಜಿಯ ಕೈಯಿಂದ ಒಂದೊಂದೇ ಕೆಲಸ ಬಿಟ್ಟುಹೋಗುತ್ತಿತ್ತು. ಕಣ್ಣು ಮಂಜಾಗಿತ್ತು, ಮರೆವು ಬೇರೆ. ಒಂದು ದಿನ ಅವರೆಕಾಳಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಇಡೀ ಸಾರು ಚೆಲ್ಲಬೇಕಾಯಿತು, ಮನೆಯವರೆಲ್ಲ ಮುದ್ದೆಗೆ ಮಜ್ಜಿಗೆ ಕಲಸಿಕೊಂಡು ಉಂಡೆವು. ಒಲೆ ಹೋಯಿತು. ದೀಪ ಹಚ್ಚುವಾಗ ಸೆರಗಿನ ಅಂಚಿಗೆ ಕಿಡಿ ಹತ್ತಿತು. ದೀಪ ಹೋಯಿತು. ಏಣಿಯ ಎರಡನೇ ಮೆಟ್ಟಿಲಲ್ಲಿ ಕಾಲು ನಡುಗಿದ್ದು ಕಂಡು ಅಪ್ಪ ಅಟ್ಟ ಹತ್ತಬೇಡವೆಂದ. ಅಮ್ಮನನ್ನು ಕೆಟ್ಟವಳೆಂದುಕೊಳ್ಳಬೇಡಿ. ಮೂರು ಜನರ ಕೆಲಸವನ್ನು ಒಬ್ಬಳೇ ಮಾಡುತ್ತ, ಅತ್ತೆಯ ಹಿಂದೆಯೂ ಒಂದು ಕಣ್ಣಿಟ್ಟಿರಬೇಕಿತ್ತು. ಅಡುಗೆಮನೆ ಹೊಸಿಲ ಮೇಲೆ ಅಜ್ಜಿ ಚೆಲ್ಲಿದ್ದ ಎಣ್ಣೆಗೆ ಕಾಲಿಟ್ಟು ಅಮ್ಮ ಜಾರಿ ಬಿದ್ದು, ಸೊಂಟ ಹಿಡಿದುಕೊಂಡು ಕೂತಲ್ಲೇ ಅಂದಳು:

“ಅತ್ತೆ, ಇದೇ ಕಡೆ. ಇನ್ನೊಂದು ಸಲ ನಿಮ್ಮ ಎಣ್ಣೆಯಿಂದ ಏನಾದ್ರೂ ಎಡವಟ್ಟಾದ್ರೆ ಬಾಟ್ಲೀನೂ ಎತ್ತಿಟ್ಬುಡ್ತೀನಿ, ಹೇಳಿದೀನಿ.”

ಅಜ್ಜಿ ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಜಗಲಿಗೆ ಹೋಗಿ ಕೂತಳು. ಆಮೇಲೆ ನನ್ನನ್ನು ಕರೆದು ಪಿಸುಗುಟ್ಟಿದಳು.

“ಇದೂ ಹೋದ್ರೆ ನಾನು ಈ ಮನೇಲಿ ಏನು ಮಾಡ್ಲೇ ಗಿರಿಜಾ? ಗೋಡೆಗೆ ನೇತಾಕಿರೋ ಗರಗಸದಂಗೆ ಇರ್ಲಾ?”

ಇನ್ನು ಮಿಷನ್ನಿನ ವಿಷಯ. ಅದಕ್ಕೆ ಎರಡು ಮುಚ್ಚಳ. ಒಂದರೊಳಗೆ ಪೆಟ್ರೋಲು. ಇನ್ನೊಂದರೊಳಗೆ ಚೈನು ಒಣಗದೆ ಓಡಲೆಂದು ಎಣ್ಣೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಅದಕ್ಕೆ ಗ್ಯಾರೇಜಿನಿಂದ ತಂದ ಕರಿ ಎಣ್ಣೆ ಹಾಕುತ್ತಿದ್ದರು, ಬೈಕಿನಿಂದ ಇಳಿಸಿದ್ದು. ಅಜ್ಜಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅನ್ನ ಹಾಕುವ ಯಂತ್ರಕ್ಕೆ ಯಾರದೋ ಬೈಕಿನ ಎಂಜಲೇ ಅಂತ ಮೂಗು ಮುರಿಯುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಯುಧಪೂಜೆಯ ದಿನ ಮಿಷನ್ನನ್ನು ತೊಳೆದು, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದೆವು. ಆವತ್ತಿನಿಂದ ಎಣ್ಣೆಯ ತೊಟ್ಟಿ ಯಾವಾಗ ನೋಡಿದರೂ ತುಂಬಿರುತ್ತಿತ್ತು. ಅಣ್ಣ ತುಂಬಿಸಿಟ್ಟಿದ್ದಾನೆ ಅಂತ ಚಿಕ್ಕಪ್ಪ ಅಂದುಕೊಂಡ, ಮಲ್ಲೇಶನಿಗೆ ಕೊನೆಗೂ ಬುದ್ಧಿ ಬಂತು ಅಂತ ಅಪ್ಪ ಅಂದುಕೊಂಡ. ಅಣ್ಣತಮ್ಮಂದಿರ ಬೆಳಗಿನ ಜಗಳ ಅರ್ಧ ಕಡಿಮೆಯಾಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಪ್ರೀತಿಯಿಂದಿದ್ದಾಗ ಯಾರಾದರೂ ಕಾರಣ ಕೇಳುತ್ತಾರೆಯೇ?

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮಿಷನ್ ಹಟ ಶುರು ಮಾಡಿತು. ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ, ರೇಸ್ ಕೊಡುವ ಗುಂಡಿಯಿಂದ ಬೆರಳು ಬಿಟ್ಟ ತಕ್ಷಣ ಗೊರಗೊರ ಅಂದು ಆರಿಹೋಗುತ್ತದೆ. ತಿಪಟೂರಿಗೆ ಒಯ್ದರೆ ಎರಡು ದಿನದ ಕೆಲಸ ಕೆಡುತ್ತದೆಂದು ಅಪ್ಪ ಜಗಲಿಯ ಮೇಲೆ ತಲೆ ಕೆರೆದುಕೊಂಡು ಕೂತಿದ್ದ. ಮಿಷನ್ನಿನ ಡಬ್ಬದೊಳಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಾನು ತೆಗೆದೆ. ಕನ್ನಡ ಮೀಡಿಯಂ ಹುಡುಗಿ, ಓದಿದ್ದರಲ್ಲಿ ಅರ್ಧ ಅರ್ಥವಾಗಲಿಲ್ಲ, ಚಿತ್ರ ಅರ್ಥವಾಯಿತು. ಪಕ್ಕದಲ್ಲೊಂದು ತೂತು, ಅದರೊಳಗೆ ಎರಡು ಪುಟ್ಟ ತಿರುಪು. ಒಂದರ ಪಕ್ಕ ಎಲ್, ಇನ್ನೊಂದರ ಪಕ್ಕ ಎಚ್. ಆ ವಾರವೇ ಶಾಲೆಯಲ್ಲಿ ಮೇಷ್ಟ್ರು ಲಘು, ಗುರು ಹಾಕುವುದನ್ನು ಹೇಳಿಕೊಟ್ಟಿದ್ದರು. ನನಗೆ ಥಟ್ಟನೆ ಹೊಳೆಯಿತು.

“ಅಪ್ಪಾ, ಎಲ್ ಅಂದ್ರೆ ಲಘು. ಎಚ್ ಅಂದ್ರೆ ಹೆಚ್ಚು.”

“ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡ ಯಾಕಿರ್ತದೆ ಮಗ?” ಅಂದ ಅಪ್ಪ.

“ಲೇ, ಯಾರಿಗ್ಗೊತ್ತು, ಮಾಡಿದೋನು ನಮ್ ಕಡೆಯೋನೇ ಇದ್ರೂ ಇರಬೌದು” ಅಂತ ಚಿಕ್ಕಪ್ಪ ಕಿಸಕ್ಕನೆ ನಕ್ಕ.

ನಗಲಿ ಬಿಡಿ, ಅದು ಲೋ ಮತ್ತು ಹೈ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬೆರಳು ಬಿಟ್ಟಾಗ ಆರುತ್ತದೆ ಎಂದರೆ ಲಘುವಿನ ತೊಂದರೆ ಎಂದು ಲೆಕ್ಕ ಹಾಕಿ, ಅಮ್ಮನ ಹೊಲಿಗೆ ಮಿಷನ್ನಿನ ಸಣ್ಣ ಸ್ಕ್ರೂಡ್ರೈವರ್ ತಂದು, ಎಲ್ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಕಿವಿ ಕೊಟ್ಟು ಕೇಳಿದೆ. ಇನ್ನೂ ಚೂರು ಸಡಿಲಿಸಿದೆ. ಗೊರಗೊರ ನಿಂತು, ಮಿಷನ್ ಪಟಪಟ ಅಂತ ಒಂದೇ ಸಮ ಓಡತೊಡಗಿತು. ಅಪ್ಪನ ಮುಖ ನೋಡಬೇಕಿತ್ತು! ನನಗೆ ಆಮೇಲೆ ಎಷ್ಟೋ ಹೊಗಳಿಕೆ ಸಿಕ್ಕಿದೆ, ಅಂಥ ಮುಖ ಮತ್ತೆ ಸಿಕ್ಕಿಲ್ಲ. ಸಂಜೆ ಟೀ ಅಂಗಡಿಯಲ್ಲಿ ನಿಂತವರಿಗೆಲ್ಲ ನಮ್ಮ ಹುಡುಗಿ ಮಿಷನ್ ರಿಪೇರಿ ಮಾಡಿದ್ಲು ಅಂತ ಹೇಳಿಕೊಂಡು ಬಂದನಂತೆ.

ಅಲ್ಲಿಗೆ ಕೈ ತೆಗೆದಿದ್ದರೆ ಕಥೆ ಮುಗಿಯುತ್ತಿತ್ತು. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಗಿತ್ತು ನನಗೆ. ಮಾರನೇ ಸಂಜೆ ಯಾರೂ ಹೇಳದಿದ್ದರೂ ಎಚ್ ತಿರುಪಿಗೆ ಕೈ ಹಾಕಿದೆ. ಹೆಚ್ಚು ತಾನೇ, ಹೆಚ್ಚಾಗಲಿ. ಬಲಕ್ಕೆ ಬಿಗಿ ಮಾಡಿದೆ. ಸದ್ದು ಚೂಪಾಯಿತು. ಇನ್ನೂ ಬಿಗಿ ಮಾಡಿದೆ. ಕೀರ್ ಅಂತ ಕಿವಿ ಸೀಳುವಂತೆ ಕಿರುಚಿತು. ಶಕ್ತಿ ಬಂತು ಅಂದುಕೊಂಡೆ. ತಿರುಪು ಬಿಗಿಯಾದಷ್ಟೂ ಪೆಟ್ರೋಲು ಕಡಿಮೆ ಇಳಿಯುತ್ತದೆ, ಆ ಸದ್ದು ಪೆಟ್ರೋಲು ಸಾಲದೆ ಬಿಸಿಯೇರಿ ಎಂಜಿನ್ನು ಅಳುವ ಸದ್ದು ಅಂತ ನನಗೆಲ್ಲಿ ಗೊತ್ತಿತ್ತು? ಅಜ್ಜಿಯ ಪಾಠವನ್ನೂ ಮರೆತಿದ್ದೆ. ಬರೀ ಸದ್ದು ಕೇಳಿದರಾಗದು, ಅದು ಏನು ಹೇಳುತ್ತಿದೆ ಅಂತ ಕೇಳಬೇಕು. ಮೊದಲು ತಿರುಪು ಎಷ್ಟು ಸುತ್ತಿನಲ್ಲಿತ್ತು ಅಂತ ಎಣಿಸಿಟ್ಟುಕೊಳ್ಳಬೇಕೆಂಬ ಬುದ್ಧಿಯೂ ಇರಲಿಲ್ಲ.

ಆ ವಾರವೇ ಚಳಿ ಇಳಿಯಿತು. ಬೆಳಗ್ಗೆ ಎದ್ದರೆ ತೋಟದ ತುಂಬ ಮಂಜು, ಮಾತಾಡಿದರೆ ಬಾಯಲ್ಲಿ ಹೊಗೆ. ನೊಣವಿನಕೆರೆ ಕಡೆಯ ಒಬ್ಬ ಹಿರಿಯರ ತೋಟದಲ್ಲಿ ಸತ್ತ ಮರವೊಂದನ್ನು ಕೊಯ್ಯಲು ಅಪ್ಪ, ಚಿಕ್ಕಪ್ಪ ಬೇಗನೆ ಹೋದರು. ಪಕ್ಕದಲ್ಲೇ ಗೊನೆ ಗೊನೆ ಕಾಯಿ ತುಂಬಿದ್ದ ಫಸಲಿನ ಮರ. ಅಪ್ಪ ಯಾವಾಗಲೂ ಮಾಡುವಂತೆ ಚಪ್ಪಲಿ ಬಿಟ್ಟು, ಸತ್ತ ಮರಕ್ಕೆ ಅಂಗೈ ಇಟ್ಟು ನಮಸ್ಕರಿಸಿ, ಬೀಳಬೇಕಾದ ಕಡೆಗೆ ಹಗ್ಗ ಕಟ್ಟಿಸಿ, ಕೊಯ್ಯಲು ಶುರು ಮಾಡಿದನಂತೆ. ಅರ್ಧ ಕೊಯ್ಯುವಷ್ಟರಲ್ಲಿ ಚೈನಿನಿಂದ ಹೊಗೆ ಎದ್ದಿತು. ಎಂಜಿನ್ನು ಕಿರುಚಿ ಕಿರುಚಿ ನಿಂತೇಹೋಯಿತು. ಮಿಷನ್ ಮರದೊಳಗೇ ಕಚ್ಚಿಕೊಂಡಿತು. ಅದನ್ನು ಬಿಡಿಸಲು ಒದ್ದಾಡುವಾಗ ಟೊಳ್ಳು ಮರ ತಡೆಯಲಿಲ್ಲ. ಹಗ್ಗ ಎಳೆದ ಕಡೆಗೆ ಬಾರದೆ ಸುತ್ತಿ, ಫಸಲಿನ ಮರದ ತಲೆಯ ಮೇಲೆ ಬಿತ್ತು. ಸುಳಿ ಮುರಿಯಿತು. ಎಳೆಕಾಯಿ, ಹೊಂಬಾಳೆ ಎಲ್ಲ ನೆಲದ ಪಾಲು. ಸುಳಿ ಮುರಿದ ತೆಂಗು ಮತ್ತೆ ಚಿಗುರುವುದಿಲ್ಲ. ತೋಟದ ಹಿರಿಯರು ಬೈಯಲಿಲ್ಲವಂತೆ. ಬಿದ್ದ ಹೊಂಬಾಳೆಯನ್ನು ಕೈಗೆತ್ತಿಕೊಂಡು, ಇದು ನಮ್ಮಪ್ಪ ನೆಟ್ಟ ಮರ ಕಣಯ್ಯ ಅಂದರಂತೆ, ಅಷ್ಟೇ.

ಇದನ್ನೆಲ್ಲ ಹೇಳಿದ್ದು ಚಿಕ್ಕಪ್ಪ, ಸಂಜೆ ಊಟಕ್ಕೆ ಕೂತಾಗ. ಅಪ್ಪನ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು, ಮೇಲೆ ಪೊರೆ ಕಟ್ಟುತ್ತಿತ್ತು. ಬೈಯುತ್ತಾನೆ ಅಂತ ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಎಚ್ ಅಂದ್ರೆ ಹೆಚ್ಚು ಅಂದ್ಯಲ್ಲೇ,” ಅಂದ ಚಿಕ್ಕಪ್ಪ. “ಹೆಚ್ಚಾಯ್ತು ನೋಡು.”

“ಮಲ್ಲೇಶ, ಸುಮ್ಕಿರು” ಅಂದ ಅಪ್ಪ. ಆಮೇಲೆ ನನ್ನ ಮುಖ ನೋಡದೆ ಹೇಳಿದ: “ಗಿರಿಜಾ, ಇನ್ಮೇಲೆ ಮಿಷನ್ ಮುಟ್ಬೇಡ ಕಣವ್ವ.”

ನಾನು ಎದ್ದು ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಟೀ ಅಂಗಡಿಯಲ್ಲಿ ನನ್ನ ಹೆಸರು ಹೇಳಿಕೊಂಡಿದ್ದವನು ಈಗ ಅದೇ ದಾರಿಯಲ್ಲಿ ತಲೆ ತಗ್ಗಿಸಿ ನಡೆಯಬೇಕು. ಒಂದು ಮರ ಸಾಯುವಂತೆ ಮಾಡಿದ್ದೇನೆ, ಅದೂ ಫಸಲಿನ ಮರ. ನಮ್ಮ ಕಡೆ ಅದಕ್ಕಿಂತ ದೊಡ್ಡ ಪಾಪ ನನಗೆ ಗೊತ್ತಿರಲಿಲ್ಲ. ಅಜ್ಜಿ ತಡವರಿಸಿಕೊಂಡು ಬಂದು ಪಕ್ಕ ಕೂತಳು. ಏನಾಯಿತೆಂದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಬಾಟಲಿ ತೆಗೆದು ಬಾವಿಯ ರಾಟೆಗೆ ಎರಡು ತೊಟ್ಟು ಬಿಟ್ಟು, ಉಳಿದದ್ದನ್ನು ನನ್ನ ತಲೆಗೆ ಸವರಿದಳು.

ಮಾರನೇ ದಿನ ಅಪ್ಪ ಮನೆಯಲ್ಲಿಲ್ಲದಾಗ ಚಿಕ್ಕಪ್ಪನ ಕಾಲು ಹಿಡಿದೆ. ಅವನು ಬಾಯಿಗೆ ಕೆಟ್ಟವನು, ಕರುಳಿಗೆ ಒಳ್ಳೆಯವನು. ಮಿಷನ್ನನ್ನು ತಾನೇ ಹಿಡಿದುಕೊಂಡು, ನೀನು ಬರೀ ಹೇಳು, ನಾನು ತಿರುಗಿಸ್ತೀನಿ, ಅಣ್ಣನ ಮಾತೂ ಉಳಿದಂಗಾಯ್ತು ಅಂದ. ಪುಸ್ತಕದ ಚಿತ್ರದಲ್ಲಿದ್ದಂತೆ ಎಚ್ ತಿರುಪನ್ನು ಮೆಲ್ಲಗೆ ಪೂರ್ತಿ ಮುಚ್ಚಿಸಿ ಒಂದು ಸುತ್ತು ಬಿಚ್ಚಿಸಿದೆ. ಕಿರುಚುವುದು ನಿಂತು ಗಂಟಲು ದಪ್ಪವಾಯಿತು. ಪ್ಲಗ್ಗು ಒರೆಸಿದೆವು, ಗಾಳಿಯ ಫಿಲ್ಟರ್ ತೊಳೆದೆವು, ಚೈನು ಅರ ಹಾಕಿ ಹರಿತ ಮಾಡಿದೆವು. ಮಧ್ಯಾಹ್ನ ಹಿತ್ತಿಲಿನ ಒಂದು ಕೊರಡನ್ನು ಬೆಣ್ಣೆ ಕೊಯ್ದಂತೆ ಕೊಯ್ದಿತು. ನನಗೆ ಹೋದ ಜೀವ ಬಂತು. ಮಾರನೇ ಬೆಳಗ್ಗೆ ಕೆಲಸಕ್ಕೆ ಒಯ್ದರೆ ಮತ್ತೆ ಅದೇ ರಗಳೆ. ಹೊಗೆ, ಬಿಸಿ, ಕಚ್ಚಿಕೊಳ್ಳುವುದು. ಹತ್ತು ಗಂಟೆಯ ಬಿಸಿಲೇರಿದ ಮೇಲೆ ತಾನಾಗೇ ಸರಿ. ಮೂರು ದಿನ ಹೀಗೇ ಆಯಿತು.

“ಇದಕ್ಕೂ ನಿನ್ನಂಗೇ ಬೆಳಗ್ಗೆ ಏಳಕ್ಕೆ ಸೋಮಾರಿತನ ಕಣೇ,” ಅಂದ ಚಿಕ್ಕಪ್ಪ. “ಇನ್ನೊಂದು ವಿಚಿತ್ರ. ಹೊಗೆ ಬತ್ತದಲ್ಲ, ದೇವರಮನೇಲಿ ದೀಪ ಆರ್ಸಿದ ವಾಸ್ನೆ ಬತ್ತದೆ.”

ತೆಂಗಿನ ಮರ ಕೊಯ್ದರೆ ತೆಂಗಿನ ವಾಸನೆ ಬಾರದೆ ಇನ್ನೇನು ಬರುತ್ತದೆ ಅಂತ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಅಪ್ಪ ಮಾತ್ರ ದಿನಾ ಮಿಷನ್ನನ್ನು ಎತ್ತಿಕೊಳ್ಳುವಾಗ ಒಂದು ಕ್ಷಣ ನನ್ನ ಕಡೆ ನೋಡಿ ಮುಖ ತಿರುಗಿಸುತ್ತಿದ್ದ. ಏನು ಮುಟ್ಟಿ ಏನು ಕೆಡಿಸಿದಳೋ ಅಂತ ಅವನ ಮನಸ್ಸಿನಲ್ಲಿತ್ತು. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಭಾನುವಾರ ಬೆಳಗ್ಗೆ ಅಜ್ಜಿ ತಲೆ ಬಾಚಲು ಕರೆದಳು. ಅಪ್ಪ, ಚಿಕ್ಕಪ್ಪ ಸಂತೆಗೆ ಹೋಗಿದ್ದರು, ಅಮ್ಮ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಜಗಲಿಯ ಮೂಲೆಯಲ್ಲಿ ತಣ್ಣನೆಯ ಕಲ್ಲಿನ ಮೇಲೆ ಮಿಷನ್ ಕೂತಿತ್ತು. ಅಜ್ಜಿ ಬಾಟಲಿ ಬಗ್ಗಿಸಿದಳು. ಒಂದು ತೊಟ್ಟೂ ಬೀಳಲಿಲ್ಲ. ಒಳಗೆ ಎಣ್ಣೆ ತುಪ್ಪದ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಪ್ರತಿ ಚಳಿಗಾಲವೂ ಹಾಗೇ, ಅದರಲ್ಲೇನೂ ಹೊಸದಿಲ್ಲ. ನಾನು ಅವಸರದ ಹುಡುಗಿ, ಬಾಟಲಿಯನ್ನು ಕಿತ್ತುಕೊಂಡು ಅಲ್ಲಾಡಿಸಿದೆ, ತಳ ಬಡಿದೆ.

“ಅಯ್ಯೋ ಪೆದ್ದಿ,” ಅಂದಳು ಅಜ್ಜಿ, “ಹೆಪ್ಪುಗಟ್ಟಿರೋ ಎಣ್ಣೆ ಹೊಡುದ್ರೆ ಕರಗ್ತದಾ? ಬಿಸ್ಲಿಗಿಡು, ಬಿಸ್ಲು ಬಂದ್ಮೇಲೆ ತಾನಾಗೇ ಸರಿಯಾಯ್ತದೆ.”

ಬಿಸಿಲು ಬಂದ ಮೇಲೆ ತಾನಾಗೇ ಸರಿಯಾಗುತ್ತದೆ. ನಾನು ಬಾಟಲಿ ಹಿಡಿದುಕೊಂಡು ಹಾಗೇ ನಿಂತೆ. ಮೂಲೆಗೆ ಹೋಗಿ ಮಿಷನ್ನಿನ ಎಣ್ಣೆಯ ಮುಚ್ಚಳ ತಿರುಗಿಸಿದೆ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ಬೆರಳಿಟ್ಟರೆ ಗುಳಿ ಬೀಳುವಂತೆ ಅದೇ ಎಣ್ಣೆ. ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ.

“ಅಜ್ಜೀ, ಇದಕ್ಕೆ ನೀನು ಎಣ್ಣೆ ಹಾಕಿದ್ಯಾ?”

“ಮತ್ತೆ? ಆಯುಧಪೂಜೆಯಿಂದ ದಿನಾ ಸಂಜೆ ಹಾಕ್ತಿದೀನಿ. ಆ ಕರೀ ಹೊಲಸನ್ನ ಎಷ್ಟು ದಿನ ಅಂತ ಕುಡೀತದೆ ಪಾಪ. ನಿಮ್ಮಪ್ಪಂಗೆ ಹೇಳ್ಬೇಡ, ದುಬಾರಿ ಎಣ್ಣೆ ಅಂತ ಬೈತಾನೆ.” ಆಮೇಲೆ ಹೆಮ್ಮೆಯಿಂದ ಕೇಳಿದಳು: “ಈಗ ಚೆನ್ನಾಗಿ ಓಡ್ತೈತಾ?”

ದೇವರೇ. ಏನಂತ ಹೇಳಲಿ? ಆ ಮಂಜುಗಣ್ಣಿನಲ್ಲಿ ಅಷ್ಟು ಆಸೆ ಇತ್ತು. ಸಂಜೆ ಹಾಕುವಾಗ ನೀರಿನಂತಿದ್ದ ಎಣ್ಣೆ ಬೆಳಗಿನ ಜಾವಕ್ಕೆ ಗಟ್ಟಿಯಾಗಿ, ಚೈನಿಗೆ ಒಂದು ಹನಿಯೂ ಸೇರುತ್ತಿರಲಿಲ್ಲ. ತಿರುಪನ್ನು ಹೇಗೆ ತಿರುಗಿಸಿದ್ದರೂ ಅದು ಸರಿಯಾಗುತ್ತಿರಲಿಲ್ಲ. ಅಪ್ಪನಿಗೆ ಇದನ್ನು ತೋರಿಸಿದರೆ ನನ್ನ ಮೇಲಿನ ಅಪವಾದ ಮುಕ್ಕಾಲು ಪಾಲು ಹೋಗುತ್ತದೆ, ಸ್ಕ್ರೂಡ್ರೈವರ್ ಮತ್ತೆ ನನ್ನ ಕೈಗೆ ಬರುತ್ತದೆ. ಆದರೆ ಅಮ್ಮ ಹೊಸಿಲ ಮೇಲೆ ಕೂತು ಆಡಿದ ಮಾತು ನೆನಪಿತ್ತು. ಒಂದು ಫಸಲಿನ ಮರ ಹೋಗಿದೆ. ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೇನಿದೆ? ಬಾಟಲಿ ಅಟ್ಟ ಸೇರುತ್ತದೆ, ಅಜ್ಜಿ ಗೋಡೆ ಸೇರುತ್ತಾಳೆ.

“ಚೆನ್ನಾಗಿ ಓಡ್ತೈತೆ ಅಜ್ಜಿ” ಅಂದೆ. ಮುಚ್ಚಳದ ಮೇಲಿನ ವಿಭೂತಿಯನ್ನು ಲಂಗದಿಂದ ಒರೆಸಿದೆ.

ಮಧ್ಯಾಹ್ನ ಅಪ್ಪ ಬಂದಾಗ, ಅಮ್ಮ ಹಿತ್ತಿಲಿನಲ್ಲಿದ್ದ ಹೊತ್ತು ನೋಡಿ, ಅವನನ್ನು ಜಗಲಿಗೆ ಕರೆದೆ. ಚಿಕ್ಕಪ್ಪನೂ ಹಿಂದೆ ಬಂದ. ಮುಚ್ಚಳ ತೆಗೆದು ತೋರಿಸಿದೆ. ನೆರಳಲ್ಲಿದ್ದುದರಿಂದ ತಳದಲ್ಲಿ ಇನ್ನೂ ಬಿಳಿ ಗಂಟುಗಳಿದ್ದವು.

“ಅಪ್ಪಾ, ಎಚ್ ತಿರುಪು ಬಿಗಿ ಮಾಡಿದ್ದು ನಾನೇ. ಈ ಕೊಬ್ಬರಿ ಎಣ್ಣೆ ಹಾಕಿದ್ದೂ ನಾನೇ. ಕರೀ ಎಣ್ಣೆ ಮುಗ್ದಿತ್ತು, ಅದ್ಕೆ.”

ಅಪ್ಪ ಬೆರಳಿನಿಂದ ಒಂದು ಗಂಟು ತೆಗೆದು ಮೂಸಿದ.

“ಎಲ್ಲಿಂದ ತಂದೆ ಎಣ್ಣೆ?”

“ಅಜ್ಜಿ ಬಾಟ್ಲೀದು.”

“ಆ ಬಾಟ್ಲಿ ಮುಟ್ಟಕ್ಕೆ ಅವ್ವ ನಂಗೇ ಇವತ್ತಿನವರೆಗೂ ಬುಟ್ಟಿಲ್ಲ.” ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದ. ನಾನು ಒರೆಸಿದ್ದೆ ನಿಜ, ಅಂಚಿನ ಗೀರುಗಳಲ್ಲಿ ವಿಭೂತಿ ಬೆಳ್ಳಗೆ ಕೂತಿತ್ತು. ಅವನು ಕೂತುಬಿಟ್ಟ. ನನ್ನನ್ನೂ ಪಕ್ಕ ಕೂರಿಸಿಕೊಂಡ. ಎಷ್ಟೋ ದಿನದ ಮೇಲೆ ಮುಖ ನೋಡಿ ಮಾತಾಡಿದ.

“ಕೇಳು ಮಗ. ಎಚ್ ತಿರುಪು ನಿಂದು. ಅದು ತಪ್ಪೇ. ಕೇಳ್ದೆ ಮುಟ್ಟಿದ್ದು ಇನ್ನೊಂದು ತಪ್ಪು. ಎಣ್ಣೆ ನಿಂದಲ್ಲ. ಬೇರೆಯೋರ ತಪ್ಪೂ ನೀನೇ ಹೊತ್ಕಂಡ್ರೆ ನಿಂದು ಯಾವ್ದು ಅಂತ ನಿಂಗೇ ಗೊತ್ತಾಗಲ್ಲ. ಆಮೇಲೆ ಯಾವ್ದನ್ನ ಸರಿ ಮಾಡ್ತೀಯ?”

“ಅಮ್ಮಂಗೆ ಹೇಳ್ಬೇಡಪ್ಪ,” ಅಂತ ಅಳುತ್ತ ಅಂದೆ. “ಬಾಟ್ಲಿ ಎತ್ತಿಟ್ರೆ ಅಜ್ಜಿಗೆ ಇನ್ನೇನೂ ಇರಲ್ಲ.”

ಚಿಕ್ಕಪ್ಪ ಕೆಮ್ಮಿ ಆ ಕಡೆ ತಿರುಗಿದ. “ಎರಡು ತಿಂಗ್ಳಿಂದ ನೀನು ತುಂಬಿಸ್ತಿದೀಯ ಅಂತ ಅಂದ್ಕಂಡಿದ್ನಲ್ಲಣ್ಣ” ಅಂದ.

“ನೀನು ಅಂತ ನಾನಂದ್ಕಂಡಿದ್ದೆ ಕಣ್ಲಾ. ಮೊದ್ಲ ಸಲ ನಿನ್ ಮೇಲೆ ಮರ್ಯಾದೆ ಬಂದಿತ್ತು” ಅಂದ ಅಪ್ಪ. ಇಬ್ಬರಿಗೂ ನಗು ಬಂತು, ನಗಬಾರದ ಹೊತ್ತಿನಲ್ಲಿ ಬರುವ ನಗು.

ಅಪ್ಪ ಆ ಸಂಜೆ ಎರಡು ಕೆಲಸ ಮಾಡಿದ. ಮೊದಲು ಹಿತ್ತಿಲಿನಿಂದ ಮೊಳಕೆ ಬಂದಿದ್ದ ಒಂದು ತೆಂಗಿನ ಸಸಿ ಕಿತ್ತು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆ ಹಿರಿಯರ ತೋಟಕ್ಕೆ ಹೋದ. ಮುರಿದ ಮರದ ಪಕ್ಕ ನನ್ನ ಕೈಯಲ್ಲೇ ಗುಂಡಿ ತೋಡಿಸಿ ನೆಡಿಸಿದ. ತಿರುಪು ಬಿಗಿ ಮಾಡಿದ್ದು ನಾನು ಅಂತ ನಾನೇ ಹೇಳಬೇಕಾಯಿತು. ಹಿರಿಯರು ನಕ್ಕು, ನೀರು ಹಾಕಕ್ಕೆ ಆಗಾಗ ಬಂದೋಗು ಅಂದರು. ಎಣ್ಣೆಯ ಮಾತನ್ನು ಅಪ್ಪ ಎತ್ತಲೇ ಇಲ್ಲ.

ಎರಡನೆಯದು ಮನೆಗೆ ಬಂದ ಮೇಲೆ. ಕೈಕಾಲು ತೊಳೆದು, ಗ್ಯಾರೇಜಿನ ಕರಿ ಎಣ್ಣೆಯ ಡಬ್ಬವನ್ನೂ ಮಿಷನ್ನನ್ನೂ ತಂದು ಜಗಲಿಯ ಮೇಲೆ ಅಜ್ಜಿಯ ಮುಂದಿಟ್ಟ. ಅಮ್ಮ ಬಾಗಿಲಲ್ಲಿ ಬಂದು ನಿಂತಳು. ಅವಳಿಗೂ ಅಷ್ಟರಲ್ಲಿ ಅಪ್ಪ ಎಲ್ಲ ಹೇಳಿದ್ದ ಅಂತ ಕಾಣುತ್ತದೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಅವ್ವ, ನಿನ್ನ ಎಣ್ಣೆ ಬೇಸ್ಗೆಗೆ. ಚಳೀಲಿ ಅದು ಹೆಪ್ಪುಗಟ್ತದೆ, ಚೈನಿಗೆ ಹೋಗಲ್ಲ. ಅದ್ಕೆ ಶಿವರಾತ್ರಿ ಕಳೆಯೋವರ್ಗೂ ಈ ಕರೀದು ಹಾಕ್ಬೇಕು. ನಮ್ಮಿಬ್ರಿಗೂ ಮರೆತೋಯ್ತದೆ. ದಿನಾ ಸಂಜೆ ನೀನೇ ಹಾಕ್ಬೇಕು.”

“ನಾನೇನಾ?”

“ನೀನೇ. ಗಿರಿಜಾ ಮುಚ್ಳ ತೆಗೆದು ಕೊಡ್ತಾಳೆ. ತಿರುಪು ಅವಳ್ದು, ಎಣ್ಣೆ ನಿಂದು.”

ಅಂದವನು ಅಂಗಿಯ ಜೇಬಿನಿಂದ ಅಮ್ಮನ ಹೊಲಿಗೆ ಮಿಷನ್ನಿನ ಆ ಪುಟ್ಟ ಸ್ಕ್ರೂಡ್ರೈವರ್ ತೆಗೆದು ನನ್ನ ಮಡಿಲಿಗೆ ಹಾಕಿದ. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಅಜ್ಜಿ ಮೂಗು ಮುಚ್ಚಿಕೊಂಡಳು. ಹೆಪ್ಪುಗಟ್ತದೆ ಅಂತ ಮೊದ್ಲೇ ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ, ಇಷ್ಟು ದೊಡ್ಡೋರಾಗಿದೀರ ಅಂತ ಮಕ್ಕಳಿಬ್ಬರಿಗೂ ಬೈದಳು. ನಾನು ಮುಚ್ಚಳ ತೆಗೆದು, ನಡುಗುವ ಅವಳ ಕೈಗೆ ಕೈ ಕೊಟ್ಟೆ. ಕರಿ ಎಣ್ಣೆ ಅರ್ಧ ತೊಟ್ಟಿಗೆ, ಅರ್ಧ ಅವಳ ಅಂಗೈಗೆ ಬಿತ್ತು. ಮುಚ್ಚಳ ಹಾಕಿ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ಕೆಲಸ ಮುಗಿದ ಸಮಾಧಾನದಲ್ಲಿ ಉಸ್ಸಪ್ಪ ಅಂದಳು. ಆಮೇಲೆ ನನ್ನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಕೈಯಲ್ಲಿ ಉಳಿದದ್ದನ್ನು ನೆತ್ತಿಯಿಂದ ಜಡೆಯ ಬುಡದವರೆಗೂ ಚೆನ್ನಾಗಿ ಸವರತೊಡಗಿದಳು.

“ಅಯ್ಯೋ ಅತ್ತೆ!” ಅಂತ ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು.

ಅವಳನ್ನು ತಡೆಯಲು ಅಪ್ಪ ಕೈ ಎತ್ತುವ ಮೊದಲೇ ನಾನು ಎತ್ತಿದೆ, ಬೇಡ ಅಂತ. ಅಮ್ಮ ಅಲ್ಲೇ ನಿಂತಳು. ಅಜ್ಜಿಗೆ ಏನೂ ಗೊತ್ತಾಗಲಿಲ್ಲ. ಕಿವಿಯ ಮೇಲೆ ಕರಿ ಎಣ್ಣೆ ತಣ್ಣಗೆ ಇಳಿಯುತ್ತಿತ್ತು. ನಾನು ಕಣ್ಣು ಮುಚ್ಚಿ, ಅವಳ ಕೈಗೆ ಸರಿಯಾಗಿ ಸಿಗಲಿ ಅಂತ ತಲೆಯನ್ನು ಇನ್ನೂ ಸ್ವಲ್ಪ ಬಗ್ಗಿಸಿದೆ.